ನೆಂಟರಿಗೆ ಮುಂಬಯಿಯ ಕಾಡನ್ನೂ ತೋರಿಸಿ



ಊರಿನಿಂದ ಬರುವ ನೆಂಟರಿಗೆ ಮುಂಬಯಿ ತೋರಿಸುವ ಹೊಣೆ ಈಗ ನಿಮ್ಮ ಹೆಗಲಿಗೆ ಬಂದಿದೆ. ಗೇಟ್‌ವೇ, ಜುಹೂ ಚೌಪಾಟಿ, ಸಿದ್ಧಿವಿನಾಯಕ, ಒಂದೆರಡು ಮಾಲ್‌ಗಳು, ಅಲ್ಲಿಗೆ ಪಟ್ಟಿ ಮುಗಿಯಿತು. "ಉಡುಪಿ, ಕುಂದಾಪುರದ ಹಸಿರು ಕಂಡವರಿಗೆ ಇಲ್ಲಿ ಯಾವ ಕಾಡು ತೋರಿಸುವುದು ಆಂಟಿ?" ಎಂದು ನೀವು ನಗಬಹುದು. ತೋರಿಸಲು ಬೇಕಾದಷ್ಟಿದೆ.

ಬೋರಿವಲಿ ಸ್ಟೇಶನ್ನಿನ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲಿದೆ. ಸುಮಾರು 104 ಚದರ ಕಿಲೋಮೀಟರ್ ಕಾಡು. ನಗರಕ್ಕೆ ಕುಡಿಯುವ ನೀರು ಕೊಡುವ ತುಳಸಿ, ವಿಹಾರ ಕೆರೆಗಳಿಗೆ ಈ ಕಾಡೇ ಕಾವಲು. ಒಳಗಿರುವ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿಯ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಕೊಂಕಣವನ್ನಾಳಿದ ಶಿಲಾಹಾರ ಸಾಮಂತರು ತಮ್ಮ ಸಾರ್ವಭೌಮನೆಂದು ಹೇಳಿಕೊಂಡಿರುವುದು ಯಾರನ್ನು ಗೊತ್ತೇ? ರಾಷ್ಟ್ರಕೂಟ ಅಮೋಘವರ್ಷನನ್ನು, ಕವಿರಾಜಮಾರ್ಗದೊಡನೆ ಹೆಸರು ಬೆರೆತಿರುವ ನಮ್ಮ ನೃಪತುಂಗನನ್ನು! ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದ ಅಜ್ಜಂದಿರಿಂದಲೇ ಕನ್ನಡಕ್ಕೂ ಮುಂಬಯಿಗೂ ನಂಟು ಶುರುವಾಯಿತೆಂದು ತಿಳಿದಿದ್ದರೆ, ಒಮ್ಮೆ ಆ ಗುಹೆಗಳಲ್ಲಿ ನಿಂತು ನೋಡಿ.

ಇದೇ ಕಾಡಿನಲ್ಲಿ ಮತ್ತು ಸುತ್ತಮುತ್ತ ಐವತ್ತರ ಆಸುಪಾಸಿನಷ್ಟು ಚಿರತೆಗಳಿವೆ. 2002ರಿಂದ 2004ರವರೆಗೆ ಚಿರತೆಗಳ ದಾಳಿ ಹೆಚ್ಚಿ ಹಲವರು ಪ್ರಾಣ ಕಳೆದುಕೊಂಡರು. ಬೇರೆಡೆ ಹಿಡಿದ ಚಿರತೆಗಳನ್ನು ತಂದು ಇಲ್ಲಿ ಬಿಟ್ಟದ್ದೂ ಅದಕ್ಕೆ ಒಂದು ಕಾರಣವೆಂದು ತಜ್ಞರು ಹೇಳಿದರು. ಇನ್ನೊಂದು ಕಾರಣ ನಮ್ಮ ಕಟ್ಟಡಗಳ ಹಿಂಭಾಗದಲ್ಲೇ ಇದೆ. ಕಸ ಬಿದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಇಲ್ಲಿಯ ವಾರ್ಲಿ ಜನರು ವಾಘೋಬಾ ಎಂದು ಹುಲಿ-ಚಿರತೆಯನ್ನು ಪೂಜಿಸಿ ಅದರ ಜೊತೆಗೇ ಬಾಳಿದವರು. ಪಿಲಿಚಾಮುಂಡಿಗೆ ಕೈಮುಗಿಯುವ ಮನೆತನದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಳಿಗಾಲದಿಂದ ಬೇಸಿಗೆಯವರೆಗೆ ಠಾಣೆ ಕೊಲ್ಲಿಗೆ ಗುಲಾಬಿ ಬಣ್ಣದ ಫ್ಲೆಮಿಂಗೋಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬರುತ್ತವೆ. 2015ರಲ್ಲಿ ಇಲ್ಲಿ ಅಭಯಾರಣ್ಯ ಘೋಷಣೆಯಾಯಿತು. 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರವಿದೆ. ದೋಣಿಯಲ್ಲಿ ಹೋಗಬೇಕಾದರೆ ಸಮುದ್ರದ ಉಬ್ಬರ-ಇಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ದೂರ ಹೋಗಲಾಗದವರಿಗೆ ಧಾರಾವಿಯ ಪಕ್ಕದಲ್ಲೇ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಒಂದು ಕಾಲದಲ್ಲಿ ನಗರದ ಕಸ ಸುರಿಯುತ್ತಿದ್ದ ಆ ಜಾಗದಲ್ಲಿ ಇಂದು ಚಿಟ್ಟೆ, ಹಕ್ಕಿಗಳು ಹಾರಾಡುತ್ತಿವೆ. ಮನುಷ್ಯ ಮನಸ್ಸು ಮಾಡಿದರೆ ಕೆಡಿಸಿದ್ದನ್ನು ಸರಿಪಡಿಸಲೂ ಬಲ್ಲ!

ಆದರೆ ಕೆಡಿಸುವ ಕೆಲಸವೂ ನಿಂತಿಲ್ಲ. ಊರಿನಲ್ಲಿ ಕಾಂಡ್ಲಾ ಎನ್ನುವ ಗಿಡಗಳು ಇಲ್ಲಿಯ ಕೊಲ್ಲಿಗಳ ಅಂಚಿನಲ್ಲಿವೆ. ಮಣ್ಣು ಸುರಿದು ಅವನ್ನು ಅಳಿಸುತ್ತ, ಮೀಠಿ ನದಿಯನ್ನು ಕಿರಿದಾಗಿಸುತ್ತ ಬಂದುದರ ಫಲವನ್ನು 2005ರ ಜುಲೈ 26ರಂದು ನಗರ ಉಂಡಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೀರಿಗೆ ಹರಿದುಹೋಗಲು ದಾರಿಯೇ ಇರಲಿಲ್ಲ. ಆ ಗಿಡಗಳ ನಾಶಕ್ಕೆ ಮುಂಬಯಿ ಹೈಕೋರ್ಟು ಅದೇ ವರ್ಷ ತಡೆ ಹಾಕಿತು. 2019ರ ಅಕ್ಟೋಬರದಲ್ಲಿ ಮೆಟ್ರೋ ಶೆಡ್ಡಿಗಾಗಿ ಆರೇ ಕಾಲೊನಿಯ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಅಡ್ಡ ನಿಂತು ಪೋಲೀಸರ ವಶವಾದವರಲ್ಲಿ ನಿಮ್ಮ ವಯಸ್ಸಿನ ವಿದ್ಯಾರ್ಥಿಗಳೂ ಇದ್ದರು. 2024ರ ಮೇ ತಿಂಗಳಲ್ಲಿ ಘಾಟ್‌ಕೋಪರ್‌ನ ಮೇಲೆ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೋಗಳು ಸತ್ತುಬಿದ್ದವು.

ನೋಡದೆ ಇದ್ದುದು ಹೋದರೂ ನಮಗೆ ತಿಳಿಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಹೋಗಿ ನೋಡಿ. ಬೋರಿವಲಿಯ ಉದ್ಯಾನಕ್ಕೆ ಸೋಮವಾರ ರಜೆ. ಬೆಳಗ್ಗೆ ಬೇಗ ಹೊರಟರೆ ಬಿಸಿಲೂ ಕಡಿಮೆ, ಹಕ್ಕಿಗಳೂ ಹೆಚ್ಚು. ಅಮ್ಮನ ಕೈಯಿಂದ ಅವಲಕ್ಕಿಯೋ ಚಪಾತಿಯೋ ಕಟ್ಟಿಸಿಕೊಳ್ಳಿ. ಖಾಲಿ ಪೊಟ್ಟಣಗಳನ್ನು ಅಲ್ಲಿ ಎಸೆಯದೆ ಮನೆಗೆ ತನ್ನಿ. ಮಂಗಗಳಿಗೆ ತಿಂಡಿ ಹಾಕಬೇಡಿ.

ಊರಿಗೆ ಹೋದಾಗ ನಾಗಬನದ ಒಂದು ಎಲೆಯನ್ನೂ ನಾವು ಕೀಳುವುದಿಲ್ಲ. ನೀವು ಹುಟ್ಟಿ ಬೆಳೆದ ಈ ಊರಿನ ಬನಕ್ಕೂ ಅಷ್ಟೇ ಭಯಭಕ್ತಿ ಸಲ್ಲಲಿ.