ಮಿನಿಮಮ್ ಡ್ಯೂ ಕಟ್ತಾ ಇದ್ರೂ ಸಾಲ ಯಾಕೆ ತೀರಲ್ಲ?

ಇವತ್ತಿನ ವಿಷಯ ಕ್ರೆಡಿಟ್ ಕಾರ್ಡ್ ಸಾಲ. ಇದರ ಬಗ್ಗೆ ಮಾತಾಡೋಕೆ ನನಗೆ ಸ್ವಲ್ಪ ಮುಜುಗರ. ಯಾಕಂದ್ರೆ ಬಿ.ಕಾಂ. ಓದಿ, ಪರೀಕ್ಷೆಯಲ್ಲಿ ಚಕ್ರಬಡ್ಡಿ ಲೆಕ್ಕ ಸರಿಯಾಗಿ ಬಿಡಿಸಿದ್ದ ನಾನೇ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ಮೊದಲ ಕೆಲಸ ಸಿಕ್ಕ ವರ್ಷವೇ ಕಾರ್ಡ್ ಬಂತು. ಹೊಸ ಫೋನ್, ಗೆಳೆಯರ ಜೊತೆ ಗೋಕರ್ಣ ಟ್ರಿಪ್, ರಾತ್ರಿ ಹಸಿವಾದ್ರೆ ಆನ್‌ಲೈನ್ ಊಟ. ಬಾಕಿ 50,000 ರೂಪಾಯಿ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಬಿಲ್‌ನಲ್ಲಿ ಎರಡು ಮೊತ್ತ ಇರ್ತಿತ್ತು: ಟೋಟಲ್ ಡ್ಯೂ, ಮಿನಿಮಮ್ ಡ್ಯೂ. ನಾನು ಚಿಕ್ಕದನ್ನ ಕಟ್ಟಿ, ಈ ತಿಂಗಳದ್ದು ಮುಗೀತು ಅಂದುಕೊಂಡು ಸುಮ್ಮನಾಗ್ತಿದ್ದೆ.

ಒಂದು ದಿನ ಊರಿಂದ ಅಕ್ಕ ಫೋನ್ ಮಾಡಿದಳು. ಅಪ್ಪನ ಕಣ್ಣಿನ ಆಪರೇಷನ್‌ಗೆ ದುಡ್ಡು ಬೇಕಿತ್ತು. ತಿಂಗಳ ಸಂಬಳ ಬರೋ ನನ್ನ ಹತ್ರ ಇರಲಿಲ್ಲ. ಅಕ್ಕ ಚೀಟಿ ಎತ್ತಿ ಕಟ್ಟಿದಳು. "ಇರಲಿ ಬಿಡೋ, ನಿಂಗೂ ಖರ್ಚಿರುತ್ತೆ" ಅಂದಳು. ಬೈದಿದ್ದರೆ ಅಷ್ಟು ಬೇಜಾರಾಗ್ತಿರಲಿಲ್ಲ. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ.

ಲೆಕ್ಕ ನೋಡಿ

ಬಾಕಿ 50,000. ಬಡ್ಡಿ ತಿಂಗಳಿಗೆ 3.5%, ಅಂದ್ರೆ ವರ್ಷಕ್ಕೆ 42%. ಮೊದಲ ತಿಂಗಳ ಬಡ್ಡಿ 1,750. ಆ ಬಡ್ಡಿ ಮೇಲೆ 18% ಜಿಎಸ್‌ಟಿ, 315. ಬಾಕಿ 52,065 ಆಯ್ತು. ಮಿನಿಮಮ್ ಡ್ಯೂ 5% ಅಂತ ಇಟ್ಟುಕೊಂಡ್ರೆ ನೀವು ಕಟ್ಟೋದು ಸುಮಾರು 2,600. ಅದರಲ್ಲಿ ಸಾಲಕ್ಕೆ ಹೋಗಿದ್ದು ಸುಮಾರು 540 ಮಾತ್ರ!

ಹೀಗೇ ಒಂದು ವರ್ಷ, ಕಾರ್ಡ್ ಮುಟ್ಟದೇ ಕಟ್ಟಿದ್ರೂ ಕೈಯಿಂದ ಹೋಗೋದು ಸುಮಾರು 29,400. ಸಾಲ ಇಳಿಯೋದು ಬರೀ 6,000. ಇನ್ನೊಂದು ವಿಷಯ: ಪೂರ್ತಿ ಬಾಕಿ ಕಟ್ಟದಿದ್ರೆ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗಲ್ಲ. ಇವತ್ತು ತಿಂದ ಬಿರಿಯಾನಿಗೆ ಇವತ್ತಿಂದಲೇ ಬಡ್ಡಿ.

ಮಿನಿಮಮ್ ಡ್ಯೂ ಕಟ್ಟಿದ್ರೆ ಲೇಟ್ ಫೀ ಬೀಳಲ್ಲ, ಕ್ರೆಡಿಟ್ ಸ್ಕೋರ್‌ಗೆ ಡೀಫಾಲ್ಟ್ ಕಲೆ ಹತ್ತಲ್ಲ. ಅದರ ಉಪಯೋಗ ಅಷ್ಟೇ. ಸಾಲ ತೀರಿಸೋ ದಾರಿ ಅದಲ್ಲ.

ಹಾಗಾದ್ರೆ ಏನು ಮಾಡೋದು?

ಮೊದಲು ಕಾರ್ಡ್ ನಿಲ್ಲಿಸಿ. ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿರೋ ಕಾರ್ಡ್ ನಂಬರ್ ಡಿಲೀಟ್ ಮಾಡಿ. ಪ್ರತಿ ಸಲ ಎದ್ದು ಹೋಗಿ ಪರ್ಸ್ ಹುಡುಕಬೇಕು ಅಂದ್ರೆ ಅರ್ಧ ಆಸೆ ಅಲ್ಲೇ ಹೋಗುತ್ತೆ.

ಎರಡನೇದು, ಎಲ್ಲ ಸಾಲವನ್ನೂ ಒಂದು ಹಾಳೆ ಮೇಲೆ ಬರೀರಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕು. ಎಲ್ಲದಕ್ಕೂ ಮಿನಿಮಮ್ ಕಟ್ಟಿ, ಮಿಕ್ಕ ದುಡ್ಡೆಲ್ಲ ಜಾಸ್ತಿ ಬಡ್ಡಿಯ ಸಾಲಕ್ಕೆ ಹಾಕಿ. ಅದು ಮುಗಿದ ಮೇಲೆ ಮುಂದಿನದು.

ಮೂರನೇದು, ಮೂರು ತಿಂಗಳ ಯುಪಿಐ ಹಿಸ್ಟರಿ ಓದಿ. ನನಗೆ ಅಲ್ಲಿ ಸಿಕ್ಕಿದ್ದು ದೊಡ್ಡ ಖರ್ಚಲ್ಲ, 180, 240, 99 ಅನ್ನೋ ಪುಟ್ಟ ಪುಟ್ಟ ಖರ್ಚು. ಅದನ್ನೇ ಹಿಡಿದು ತಿಂಗಳಿಗೆ 5,000 ಹೊಂದಿಸಿದೆ. 14 ತಿಂಗಳಲ್ಲಿ ಸಾಲ ತೀರಿತು. ಕಟ್ಟಿದ್ದು ಒಟ್ಟು ಸುಮಾರು 66,000.

ಇದಕ್ಕಿಂತ ಒಳ್ಳೇ ದಾರಿ ಇತ್ತು ಅಂತ ಆಮೇಲೆ ಗೊತ್ತಾಯ್ತು. ಅದೇ 50,000ಕ್ಕೆ 16% ಬಡ್ಡಿಯ ಪರ್ಸನಲ್ ಲೋನ್ ಸಿಕ್ಕಿದ್ದರೆ, ತಿಂಗಳಿಗೆ ಸುಮಾರು 4,540ರಂತೆ ಒಂದೇ ವರ್ಷಕ್ಕೆ ಮುಗೀತಿತ್ತು. ಪ್ರೊಸೆಸಿಂಗ್ ಫೀ ಸೇರಿಸಿ ಲೆಕ್ಕ ಹಾಕಿ. ಮನೆಯಲ್ಲಿ ಎಫ್‌ಡಿ ಇದ್ರೆ ಅದನ್ನೂ ಯೋಚಿಸಿ. 7% ಗಳಿಸೋ ದುಡ್ಡು ಇಟ್ಟುಕೊಂಡು 42% ಬಡ್ಡಿ ಕಟ್ಟೋದರಲ್ಲಿ ಅರ್ಥ ಇಲ್ಲ. ಆದ್ರೆ ಲೋನ್ ತಗೊಂಡು ಕಾರ್ಡ್ ಖಾಲಿ ಮಾಡಿ, ಮತ್ತೆ ಉಜ್ಜೋಕೆ ಶುರು ಮಾಡಿದ್ರೆ ಎರಡು ಸಾಲ.

ಲೋನ್ ಆ್ಯಪ್ ಬಗ್ಗೆ ಹುಷಾರು

ಕಾರ್ಡ್ ಬಿಲ್ ಕಟ್ಟೋಕೆ ಸಿಕ್ಕ ಸಿಕ್ಕ ಆ್ಯಪ್‌ನಲ್ಲಿ ಸಾಲ ಮಾಡಬೇಡಿ. ಆರ್‌ಬಿಐ 2022ರಲ್ಲಿ ತಂದ ಡಿಜಿಟಲ್ ಸಾಲದ ನಿಯಮ ನೆನಪಿರಲಿ: ಸಾಲ ಕೊಡೋ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಯಾವುದು, ಎಲ್ಲ ಸೇರಿ ವಾರ್ಷಿಕ ಖರ್ಚು ಎಷ್ಟು ಅಂತ ಮೊದಲೇ ಹೇಳಬೇಕು. ನಿಮ್ಮ ಕಾಂಟ್ಯಾಕ್ಟ್ಸ್, ಫೋಟೋ ಗ್ಯಾಲರಿ ಮುಟ್ಟೋ ಹಾಗಿಲ್ಲ. ಕೇಳಿದ್ರೆ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡೋದಕ್ಕೂ ಅನುಮತಿ ಇಲ್ಲ. ಯಾರಾದ್ರೂ ಫೋಟೋ ತಿರುಚಿ ಬೆದರಿಸಿದ್ರೆ ಹೆದರಿ ದುಡ್ಡು ಹಾಕಬೇಡಿ, 1930ಕ್ಕೆ ಫೋನ್ ಮಾಡಿ. ಮನೆಯವರಿಗೂ ಹೇಳಿ. ಮುಚ್ಚಿಟ್ಟಷ್ಟೂ ಬೆದರಿಸೋರಿಗೆ ಅನುಕೂಲ.

ಕೊನೇ ಬಾಕಿ ಕಟ್ಟಿದ ಮುಂದಿನ ತಿಂಗಳಿಂದ ಅದೇ 5,000 ಅಕ್ಕನ ಖಾತೆಗೆ ಹಾಕಿದೆ, ಅವಳ ಚೀಟಿ ಕಂತಿಗೆ. ಮೊದಲ ಸಲ ಹಾಕಿದಾಗ "ಎಲ್ಲಿಂದ ಬಂತೋ ಇದು?" ಅಂತ ಫೋನ್ ಮಾಡಿದಳು. ಅವತ್ತೇ ಪೂರ್ತಿ ಕಥೆ ಹೇಳಿದ್ದು.

ನಿಮಗೆ ಇವತ್ತು ಒಂದೇ ಕೆಲಸ. ಹಿಂದಿನ ತಿಂಗಳ ಬಿಲ್ ಓಪನ್ ಮಾಡಿ. ಬರೀ ಮಿನಿಮಮ್ ಕಟ್ಟಿದ್ರೆ ಸಾಲ ವರ್ಷಗಟ್ಟಲೆ ಎಳೆಯುತ್ತೆ ಅನ್ನೋ ಎಚ್ಚರಿಕೆ ಅದರಲ್ಲೇ ಇರುತ್ತೆ. ಹಾಕಲೇಬೇಕು ಅನ್ನೋದು ಆರ್‌ಬಿಐ ನಿಯಮ. ಅದನ್ನ ಒಮ್ಮೆ ಹುಡುಕಿ ಓದಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.