ಒಂದು ಸಲಕ್ಕೆ ಒಂದೇ ಬೀಜ

ಜನವರಿಯಲ್ಲಿ ಕೆಲಸ ಹೋಯ್ತು. ಎಚ್‌-1ಬಿ ವೀಸಾದವರಿಗೆ ಹೊಸ ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಮನೆಯಲ್ಲೇ ಕೂತರೆ ತಲೆ ಕೆಡುತ್ತೆ ಅಂತ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಹೋಗತೊಡಗಿದೆ.

ಅಲ್ಲಿ ರ‍್ಯಾಂಬಲ್ ಎಂಬ ಕಾಡಿನಂಥ ಭಾಗವಿದೆ. ಚಳಿಗಾಲದಲ್ಲಿ ಅಲ್ಲಿನ ಮರಗಳಿಗೆ ಕಾಳು ತುಂಬಿದ ಫೀಡರ್‌ಗಳನ್ನು ತೂಗುಹಾಕಿರುತ್ತಾರೆ. ಬೋಳು ಕೊಂಬೆಯ ಮೇಲೆ ಕುಂಕುಮದಂಥ ಕೆಂಪು ಕಾರ್ಡಿನಲ್. ಕೆಳಗೆ, ಉದುರಿದ ಕಾಳು ಕೆದಕುವ ಬಿಳಿಗತ್ತಿನ ಗುಬ್ಬಿಗಳು. ನೀಲಿ ಜೇ ಬಂತೋ, ಉಳಿದವೆಲ್ಲ ಪರಾರಿ!

ನನಗೆ ಹಿಡಿಸಿದ್ದು ಟಫ್ಟೆಡ್ ಟಿಟ್‌ಮೌಸ್. ಬೂದು ಮೈ, ತಲೆ ಮೇಲೊಂದು ಜುಟ್ಟು, ತೂಕ 20 ಗ್ರಾಂ ಆಸುಪಾಸು. ವಲಸೆ ಹೋಗದೆ ಚಳಿಯನ್ನು ಇಲ್ಲೇ ಕಳೆಯುವ ಹಕ್ಕಿ. ಒಂದೇ ಒಂದು ಸೂರ್ಯಕಾಂತಿ ಬೀಜ ಕಚ್ಚಿಕೊಂಡು ಹಾರುತ್ತೆ. ಕಾಲಲ್ಲಿ ಒತ್ತಿ ಹಿಡಿದು, ಕುಟ್ಟಿ ಒಡೆಯುತ್ತೆ. ಕೆಲವನ್ನು ತೊಗಟೆಯ ಸಂದಿಯಲ್ಲಿ ಬಚ್ಚಿಡುತ್ತೆ. ಆಮೇಲೇ ಇನ್ನೊಂದಕ್ಕೆ ಬರೋದು.

ನಾನೋ, ದಿನಕ್ಕೆ ನಲವತ್ತು ಅರ್ಜಿ ಎಸೆಯುತ್ತಿದ್ದೆ. ಒಂದನ್ನೂ ನೆಟ್ಟಗೆ ಓದಿರಲಿಲ್ಲ. ಈಗ ದಿನಕ್ಕೆ ಎರಡೇ, ಪೂರ್ತಿ ಓದಿ.

ಮೊನ್ನೆ ಫೀಡರ್ ಹತ್ತಿರ ನಿಂತಿದ್ದಾಗ ಅಮ್ಮನ ಫೋನ್. "ಏನೋ ಅದು ಹಕ್ಕಿ ಸದ್ದು? ಆಫೀಸಿಗೆ ಹೋಗಿಲ್ವಾ?"

ಅಲ್ಲಿಯವರೆಗೂ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಟೋಪಿ ಹಾಕ್ಕೊಂಡಿದೀಯ ತಾನೆ?" ಅಂದಳು.

ಇವತ್ತಿಗೆ 38ನೇ ದಿನ. ನಾಳೆ ಮಧ್ಯಾಹ್ನ ಒಂದು ಇಂಟರ್‌ವ್ಯೂ ಇದೆ. ಬೆಳಿಗ್ಗೆ ಪಾರ್ಕಿಗೆ ಹೋಗಿಬರ್ತೀನಿ.