ಅಪ್ಪನ ಜಾವಾ ಗುಜರಿಗೆ ಬೇಡ

ಹೈದರಾಬಾದಿನ ಯುವಮಿತ್ರರೇ, ಅಪ್ಪ ಊರಿನಿಂದ ತಂದ ಹಳೆಯ ಜಾವಾ ನಿಮ್ಮ ಮನೆಯಲ್ಲೂ ಮೂಲೆ ಹಿಡಿದಿದೆಯೇ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಇನ್ನು ಅಂಥ ಗಾಡಿ ಅಲ್ಲಿಂದ ಬರುವುದಿಲ್ಲ. ಹೊಸ ಬ್ಯಾಟರಿಯೂ ವಾರದಲ್ಲೇ ಸೋತರೆ ತಪ್ಪು ಬ್ಯಾಟರಿಯದಲ್ಲ, 6 ವೋಲ್ಟಿನ ಡೈನಮೊ ನೋಡಿ. ಎಂಜಿನ್ ವೇಗ ಹೆಚ್ಚಿಸಿದರೂ ಕೆಂಪು ದೀಪ ಆರದಿದ್ದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಬ್ಯಾಟರಿಯ ತುದಿಗಳನ್ನು, ಅರ್ತಿಂಗ್ ತಂತಿಯನ್ನು ಉಜ್ಜಿ ಬಿಗಿ ಮಾಡಿ. ಆಮೇಲೆ ಎಂಜಿನ್ ನಿಲ್ಲಿಸಿ, ಅದರ ಬಲಬದಿಯ ಮುಚ್ಚಳ ತೆಗೆಯಿರಿ. ಕಾರ್ಬನ್ ಬ್ರಷ್ ಸವೆದಿದ್ದರೆ ಬದಲಿಸಿ; ಅದು ತಾಗುವ ತಾಮ್ರದ ಕಮ್ಯುಟೇಟರ್ ಕಪ್ಪಾಗಿದ್ದರೆ ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಲು ಬಿಡಿ. (ಬೆಂಕಿಕಡ್ಡಿ ದೂರವಿರಲಿ!) ಮತ್ತೆ ಎಂಜಿನ್ ಓಡಿಸಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. ವೇಗದಲ್ಲಿ 7 ವೋಲ್ಟಿನ ಆಸುಪಾಸು ಬಂದರೆ ಸರಿ. ಬಾರದಿದ್ದರೆ ಅನುಮಾನ ರೆಗ್ಯುಲೇಟರಿನ ಮೇಲೆ. ಅದರ ಸ್ಕ್ರೂ ಮಾತ್ರ ನೀವು ತಿರುವಬೇಡಿ. ರಾಣಿಗಂಜಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಜಾವಾ ಬಲ್ಲ ಹಳೆಯ ಮಿಸ್ತ್ರಿ ಸಿಕ್ಕಾನು.